ಹದಿನಾಲ್ಕು ತಿಂಗಳ ಹೆಸರು

"ಈ ಹೆಸರಿನವರು ತೀರ್ಕೊಂಡಿದಾರಲ್ಲಮ್ಮ," ಎಂದ ಗುಮಾಸ್ತ, ಕಂಪ್ಯೂಟರಿನಿಂದ ಕಣ್ಣು ಕೀಳದೆ.

ಬಂಡೆಯಕ್ಕನಿಗೆ ಮೊದಲು ಬಂದದ್ದು ನಗು. ಜನನ ಮರಣ ನೋಂದಣಿ ಕಚೇರಿಯ ಮೂರನೇ ಕಿಟಕಿಯೆದುರು ಅವಳು ಒಂದೂವರೆ ಗಂಟೆಯಿಂದ ನಿಂತಿದ್ದಳು. ಮುಂದಿದ್ದವನ ಚೌಕಳಿ ಅಂಗಿಯ ಚೌಕಗಳನ್ನೆಲ್ಲ ಎರಡೆರಡು ಸಲ ಎಣಿಸಿ ಮುಗಿಸಿದ್ದಳು.

"ಯಾರಪ್ಪ ತೀರ್ಕೊಂಡಿದ್ದು?"

"ಅಚಲಾ. ಹೆಣ್ಣು. ತಂದೆ ಹೆಸರು, ತಾಯಿ ಹೆಸರು, ಹುಟ್ಟಿದ ತಾರೀಕು ಎಲ್ಲಾ ನೀವು ಬರ್ಕೊಟ್ಟಿರೋದೇ. ಹದಿನಾಲ್ಕು ತಿಂಗಳಿಗೆ ಜ್ವರ ಬಂದು ಮರಣ. ಬರೆಸಿದವರು ತಂದೆ."

"ಸರಿಯಾಗಿ ನೋಡು. ಅಚಲಾ ಅಂದ್ರೆ ನಾನೇ. ನಿನ್ನ ಕಣ್ಣೆದುರಿಗೇ ಗುಂಡುಕಲ್ಲಿನ ಹಾಗೆ ನಿಂತಿದೀನಿ."

"ನಿಂತಿದೀರಿ, ಇಲ್ಲ ಅನ್ನಲ್ಲ. ಆದ್ರೆ ದಾಖಲೆಯಲ್ಲಿ ಇಲ್ಲ." ಗುಮಾಸ್ತ ಮೊದಲ ಬಾರಿಗೆ ತಲೆಯೆತ್ತಿದ. ಅವನ ಮುಖದಲ್ಲಿ ತಮಾಷೆಯಿರಲಿಲ್ಲ, ಸಣ್ಣ ಸಂಕೋಚವಿತ್ತು. "ಮನೇಲಿ ಹಿರಿಯರು ಯಾರಾದ್ರೂ ಇದ್ರೆ ಒಂದ್ಸಲ ಕೇಳಿ ನೋಡಿ ಅಮ್ಮ. ಇಂಥದ್ದು ಆಗಾಗ ಬರುತ್ತೆ."

ಹಿಂದೆ ನಿಂತಿದ್ದವರು ಯಾರೋ ಲೊಚಗುಟ್ಟಿದರು. ಬಂಡೆಯಕ್ಕ ಅರ್ಜಿಯನ್ನು ಮಡಚಿ ಚೀಲಕ್ಕೆ ತುರುಕಿ ಹೊರಬಂದಳು. ಕಾಲು ಮೆಟ್ಟಿಲು ಇಳಿಯುತ್ತಿದ್ದವು, ತಲೆ ಮಾತ್ರ ಇನ್ನೂ ಕಿಟಕಿಯಲ್ಲೇ ಉಳಿದಿತ್ತು.

ಅವಳು ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಪರೇಷನ್ ಮುಗಿಸಿ ಬರುವ ಕತ್ತರಿ, ಚಿಮ್ಮಟ, ಸೂಜಿ ಹಿಡಿಯುವ ಇಕ್ಕಳಗಳನ್ನೆಲ್ಲ ತೊಳೆದು, ಒರೆಸಿ, ತಟ್ಟೆಗಳಲ್ಲಿ ಜೋಡಿಸಿ, ಹಸಿರು ಬಟ್ಟೆಯಲ್ಲಿ ಸುತ್ತಿ, ಹಬೆಯ ದೊಡ್ಡ ಯಂತ್ರಕ್ಕೆ ನೂಕುವ ವಿಭಾಗ. ಮೂವತ್ತೊಂದು ವರ್ಷದ ಅನುಭವ. ಕಟ್ಟಿದ ತಟ್ಟೆಯನ್ನು ಕೈಯಲ್ಲಿ ಎತ್ತಿದರೆ ಸಾಕು, ಒಂದು ಚಿಮ್ಮಟ ಕಡಿಮೆಯಿದೆ ಎಂದು ಹೇಳಬಲ್ಲಳು. ಡಾಕ್ಟರುಗಳು ಕೂಗಾಡಿಕೊಂಡು ಕೆಳಗಿಳಿದು ಬಂದರೂ, ಪಟ್ಟಿಗೆ ಸಹಿ ಬೀಳದೆ ಅವಳ ಮೇಜಿನಿಂದ ಒಂದು ಕತ್ತರಿ ಅಲುಗುತ್ತಿರಲಿಲ್ಲ. ಹಾಗಾಗಿಯೇ ಬಂಡೆಯಕ್ಕ. ಅಡ್ಡಹೆಸರು ಕಟ್ಟಿದವಳು ಜೊತೆಯಲ್ಲಿ ಸಾಮಾನು ತೊಳೆಯುವ ಮಾತುಗಾತಿ. ಅವಳಿಗೆ ಬಂಡೆಯಕ್ಕ ಇಟ್ಟ ಹೆಸರು ಗಿಳಿ. ಲೆಕ್ಕ ಚುಕ್ತಾ ಆಗಿತ್ತು.

ಆದರೆ ಬಂಡೆಯಕ್ಕನಿಗೆ ಆ ಅಡ್ಡಹೆಸರು ಒಳಗೊಳಗೇ ಇಷ್ಟ. ಯಾಕೆಂದರೆ ತನ್ನ ನಿಜವಾದ ಹೆಸರಿಗೂ ಅದೇ ಅರ್ಥ ಎಂದು ಅವಳು ನಂಬಿದ್ದಳು. ಆ ಹೆಸರು ಹುಟ್ಟಿದ ಕಥೆಯನ್ನು ಅಮ್ಮ ಪ್ರತಿ ಹುಟ್ಟುಹಬ್ಬಕ್ಕೂ ಒಂದಕ್ಷರ ಹೆಚ್ಚುಕಮ್ಮಿಯಾಗದಂತೆ ಹೇಳುತ್ತಿದ್ದಳು. ಮೂರಂತಸ್ತಿನ ಹಳೆಯ ಬಾಡಿಗೆ ಕಟ್ಟಡ. ಎದುರು ರಸ್ತೆ ಅಗೆಯುವ ಯಂತ್ರದ ನಡುಕಕ್ಕೆ ಒಂದು ಮಧ್ಯಾಹ್ನ ಸೂರು ಕುಸಿಯಿತು. ಅಮ್ಮ ನೀರು ತರಲು ಹೊರಗೆ ಹೋಗಿದ್ದಳು. ತೊಟ್ಟಿಲಲ್ಲಿ ಐದು ತಿಂಗಳ ಕೂಸು. ಕೆಳಗಿನ ಮನೆಯ ಮೇಷ್ಟ್ರು ಇಟ್ಟಿಗೆ ರಾಶಿ ಹತ್ತಿ ಹೋಗಿ ನೋಡಿದರೆ ತೊಟ್ಟಿಲಿನ ಆಚೆಗೊಂದು ತೊಲೆ, ಈಚೆಗೊಂದು ತೊಲೆ. ನಡುವೆ ಕೂಸು ಅಳದೆ, ಮಿಸುಕದೆ, ಧೂಳು ಹಾರುವುದನ್ನು ನೋಡುತ್ತ ಮಲಗಿದೆ! "ಮನೆಯೆಲ್ಲ ಅಲ್ಲಾಡಿದರೂ ಇವಳು ಅಲ್ಲಾಡಲಿಲ್ಲ. ಅಚಲಾ ಅಂತ ಹೆಸರಿಡಿ. ಚಲ ಅಂದರೆ ಅಲುಗುವಂಥದ್ದು, ಅಚಲ ಅಂದರೆ ಅಲುಗದೆ ಇರುವಂಥದ್ದು. ಬೆಟ್ಟಕ್ಕೂ ಭೂಮಿಗೂ ಇರುವ ಹೆಸರು," ಎಂದರಂತೆ ಮೇಷ್ಟ್ರು. ಅಲ್ಲಿಯವರೆಗೂ ಬರೀ ಪಾಪು ಆಗಿದ್ದ ಮಗುವಿಗೆ ಅಪ್ಪ ಮರುದಿನವೇ ಕಚೇರಿಗೆ ಹೋಗಿ ಆ ಹೆಸರು ಬರೆಸಿ ಬಂದನಂತೆ.

ಬಂಡೆಯಕ್ಕ ಈ ಕಥೆಯನ್ನು ನೆಚ್ಚಿಕೊಂಡು ಬದುಕಿದವಳು. ಮೂರನೇ ವರ್ಷಕ್ಕೆ ಅಪ್ಪ ಹೋದಾಗಿನಿಂದ, ಮದುವೆ ಮಕ್ಕಳ ಗೊಡವೆಯಿಲ್ಲದೆ ಅಮ್ಮನೊಂದಿಗೆ ಎರಡು ಕೋಣೆಯಲ್ಲಿ ಕಾಲ ಹಾಕುವವರೆಗೆ, ಎಲ್ಲಿ ಕಾಲು ನಡುಗಿದರೂ ಆ ತೊಟ್ಟಿಲು ನೆನಪಾಗುತ್ತಿತ್ತು. ಸೂರು ಬಿದ್ದಾಗಲೇ ಅಳದವಳು ನಾನು, ಇದ್ಯಾವ ಮಹಾ, ಎಂದುಕೊಳ್ಳುತ್ತಿದ್ದಳು. ಈಗ ಆಸ್ಪತ್ರೆಯವರು ಎಲ್ಲರಿಗೂ ಹೊಸ ಗುರುತಿನ ಚೀಟಿ ಮಾಡಿಸುತ್ತೇವೆ, ಜನನ ದಾಖಲೆಯ ಹೊಸ ಪ್ರತಿ ತನ್ನಿ ಎಂದರು. ಅಷ್ಟಕ್ಕೇ ರಜೆ ಹಾಕಿ ಹೋಗಿದ್ದಳು.

ಬಾಗಿಲು ತೆಗೆದಾಗ ಅಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಮೊರ ಇಟ್ಟುಕೊಂಡು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಎಂಬತ್ತೆರಡಾದರೂ ಕಣ್ಣು ಚುರುಕು, ಬಾಯಿ ಅದಕ್ಕಿಂತ ಚುರುಕು.

"ಸಿಕ್ತಾ ಕಾಗದ? ಅಲೆದಾಡ್ಸಿದ್ರಾ?"

ಬಂಡೆಯಕ್ಕ ಚಪ್ಪಲಿ ಬಿಡದೆ ನಿಂತಳು. "ಅಮ್ಮ, ನನಗಿಂತ ಮುಂಚೆ ನಿನಗೊಂದು ಮಗು ಇತ್ತಾ?"

ಅಮ್ಮನ ಬೆರಳು ನಿಂತವು. ಅರ್ಧ ಸುಲಿದ ನಾರು ಕಾಯಿಗೆ ಜೋತುಬಿದ್ದಿತ್ತು. "ಯಾರು ಹೇಳಿದ್ರು?"

"ಇಲ್ಲ ಅನ್ನು. ಹುಚ್ಚು ಹಿಡಿದಿದೆಯಾ ನಿನಗೆ ಅನ್ನು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಕಾಯ್ತಾ ಬಂದೆ. ನೀನು ಯಾರು ಹೇಳಿದ್ರು ಅಂತ ಕೇಳ್ತೀಯಲ್ಲ!"

ಅಮ್ಮ ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕಿದಳು.

"ಕಚೇರಿಯೋರು ಹೇಳಿದ್ರು. ಅಚಲಾ ಸತ್ತು ಐವತ್ತೇಳು ವರ್ಷ ಆಯ್ತಂತೆ. ಅಪ್ಪಾನೇ ಹೋಗಿ ಬರೆಸಿದಾರೆ."

"ಅವರು ಬರೆಸಿದ್ರಾ?" ಅಮ್ಮ ತಟ್ಟನೆ ತಲೆಯೆತ್ತಿದಳು. "ನನಗೆ ಹೇಳ್ಲೇ ಇಲ್ಲ. ಒಂದು ಮಾತು ಹೇಳ್ಲಿಲ್ಲ."

ಆ ಮಾತಿನಲ್ಲಿದ್ದ ನೋವು ಕಂಡು ಬಂಡೆಯಕ್ಕನ ಮೈ ಉರಿದುಹೋಯಿತು. "ಓಹೋ, ಮುಚ್ಚಿಟ್ರೆ ನಿನಗೂ ನೋವಾಗುತ್ತೆ ಅನ್ನು!"

ಆಮೇಲೆ ಅಮ್ಮ ಹೇಳಿದಳು. ಕಥೆ ಹೇಳುವಾಗಿನ ಓಘವಿರಲಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಹುರುಳಿಕಾಯಿ ಎತ್ತಿಕೊಳ್ಳುವಳು, ಇಡುವಳು. ಮೂರು ದಿನದ ಜ್ವರ. ಆಗಲೇ ನಡೆಯಲು ಕಲಿತಿತ್ತು, ಬಾಗಿಲ ಚಿಲಕ ಎಳೆಯುತ್ತಿತ್ತು. ಮೂರನೇ ದಿನ ಬೆಳಗ್ಗೆ ಕೈಯೊಳಗೇ ತಣ್ಣಗಾಯಿತು. ಹೊಟ್ಟೆಯಲ್ಲಿ ಇನ್ನೊಂದಿತ್ತು.

"ನೀನು ಹುಟ್ಟಿದ ಮೇಲೆ ಅವರು ದಿನಾ ಕೇಳೋರು, ಏನು ಹೆಸರಿಡೋಣ ಹೇಳು, ಹೋಗಿ ಬರೆಸ್ಕೊಂಡು ಬರ್ತೀನಿ ಅಂತ. ನನ್ನ ನಾಲಿಗೆಗೆ ಒಂದೇ ಹೆಸರು ಬರ್ತಿತ್ತು. ಒಂದಿನ ಹಾಗೇ ಕರೆದೆ. ನೀನು ತಿರುಗಿ ನೋಡಿದೆ. ಇನ್ನೊಂದ್ಸಲ ಕರೆದೆ, ನಕ್ಕುಬಿಟ್ಟೆ. ನಾನೇನು ಮಾಡ್ಲಿ ಹೇಳು?"

"ಕೂಸು ಯಾವ ಸದ್ದಿಗಾದ್ರೂ ತಿರುಗುತ್ತೆ ಕಣಮ್ಮ! ತಟ್ಟೆ ಬಿದ್ರೂ ತಿರುಗುತ್ತೆ!"

"ಅವರೂ ಹಾಗೇ ಅಂದ್ರು. ಬೇರೆ ಹೆಸರು ಹೇಳು ಅಂತ ಕಾದ್ರು, ಕಾದ್ರು. ಬರೆಸ್ಲೇ ಇಲ್ಲ. ಆಮೇಲೆ ಅವರೇ ಹೋಗ್ಬಿಟ್ರು. ಶಾಲೆಗೆ ಸೇರಿಸುವಾಗ ಕಾಗದ ಕೇಳಿದ್ರು. ಮನೇಲಿದ್ದಿದ್ದು ಒಂದೇ ಕಾಗದ, ಅವಳದ್ದು."

"ತೊಟ್ಟಿಲಲ್ಲಿ ಅಲ್ಲಾಡದೆ ಮಲಗಿದ್ದವಳು?"

"ಅವಳು."

"ಮೇಷ್ಟ್ರು ಹೆಸರಿಟ್ಟಿದ್ದು?"

"ಅವಳಿಗೇ."

"ಮತ್ತೆ ನಾನು? ನಾನು ಹುಟ್ಟಿದಾಗ ಏನಾಯ್ತು?"

ಅಮ್ಮ ಯೋಚಿಸಿದಳು. ನಿಜವಾಗಿಯೇ ಯೋಚಿಸಿದಳು, ಅದೇ ಬಂಡೆಯಕ್ಕನಿಗೆ ಸಹಿಸಲಾಗದೆ ಹೋದದ್ದು. "ಏನೂ ಆಗ್ಲಿಲ್ಲ," ಎಂದಳು ಕೊನೆಗೆ. "ಬೇರೆ ಮನೆ. ಗಟ್ಟಿ ಮನೆ. ಏನೂ ಬೀಳ್ಲಿಲ್ಲ."

ಬಂಡೆಯಕ್ಕ ಗೋಡೆಗೆ ಒರಗಿದಳು. ಒಂದೊಂದೇ ನೆನಪಾಗತೊಡಗಿತು. ಒಂದನೇ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಿ, ಎಲ್ಲರಿಗಿಂತ ದಡ್ಡಿ. ಪೆನ್ಸಿಲು ಹಿಡಿಯಲು ಬಾರದ ಬೆರಳಿನ ಗಂಟಿಗೆ ಬಿದ್ದ ಏಟು. ಪರೀಕ್ಷೆಯಲ್ಲಿ ನಪಾಸಾಗಿ ಅದೇ ತರಗತಿಯಲ್ಲಿ ಇನ್ನೊಂದು ವರ್ಷ. ತಲೆ ಓಡದವಳು ಎಂದು ತನ್ನನ್ನು ತಾನೇ ತೀರ್ಮಾನಿಸಿ ಕೂತದ್ದು. ತಲೆಯಲ್ಲ, ವಯಸ್ಸು! ಕಾಗದಕ್ಕೆ ಆರೂವರೆ ತುಂಬಿತ್ತು, ಮೈಗೆ ಐದೂ ಆಗಿರಲಿಲ್ಲ. ಅದಾದರೂ ಹೋಗಲಿ. ಅದರ ಹಿಂದೆಯೇ ಇನ್ನೊಂದು ನೆನಪು ಎದ್ದು ಬಂತು.

"ನರ್ಸಿಂಗ್ ಶಾಲೆ," ಎಂದಳು.

ಅಮ್ಮ ತಲೆ ತಗ್ಗಿಸಿದಳು. ಅಂದರೆ ಅವಳಿಗೂ ನೆನಪಿತ್ತು.

"ಇಪ್ಪತ್ತೈದು ವರ್ಷ ದಾಟಿರಬಾರದು ಅಂತಿತ್ತು. ನಾಲ್ಕು ತಿಂಗಳು ಜಾಸ್ತಿಯಾಯ್ತು ಅಂತ ಫಾರಂ ವಾಪಸ್ ಕಳಿಸಿದ್ರು. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತೆ. ನೀನು ಹೊರಗೆ ನಿಂತಿದ್ದೆ ಅಮ್ಮ. ಹೊರಗೆ ಬಂದಾಗ ಟೀ ಮಾಡ್ಕೊಟ್ಟೆ. ನನಗಿನ್ನೂ ಇಪ್ಪತ್ನಾಲ್ಕೂ ಆಗಿರ್ಲಿಲ್ಲ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಟೀ ಮಾಡ್ಕೊಟ್ಟೆ!"

"ಹೇಳಿದ್ರೆ ಅವಳಿಲ್ಲ ಅಂತ ಹೇಳ್ಬೇಕಾಗ್ತಿತ್ತು."

"ಹೇಳ್ಬೇಕಿತ್ತು! ಸತ್ತವಳನ್ನ ಸತ್ತಳು ಅಂತ ಹೇಳೋಕೆ ನಿನಗೆ ಬಾಯಿ ಬರ್ಲಿಲ್ಲ, ಬದುಕಿದ್ದವಳ ಬದುಕು ಮಣ್ಣುಪಾಲಾದ್ರೂ ಪರವಾಗಿಲ್ಲ, ಅಲ್ವಾ? ಮೂವತ್ತೊಂದು ವರ್ಷ, ಅಮ್ಮ. ಮೂವತ್ತೊಂದು ವರ್ಷ ಆ ನರ್ಸುಗಳ ಕೈಗೆ ತಟ್ಟೆ ಕಟ್ಟಿ ಕಟ್ಟಿ ಕೊಟ್ಟಿದೀನಿ. ನೆನ್ನೆ ಮೊನ್ನೆ ಬಂದ ಹುಡುಗಿ 'ಬೇಗ ಕಟ್ರಿ' ಅಂತಾಳೆ, ಹೂಂ ಸಿಸ್ಟರ್ ಅಂತೀನಿ!"

ಅವಳ ಕಾಲು ತಾಗಿತೋ, ಅವಳೇ ಒದ್ದಳೋ, ಮೊರ ಮಗುಚಿತು. ಹುರುಳಿಕಾಯಿ ನೆಲದ ತುಂಬ ಚೆಲ್ಲಿತು. ಅಮ್ಮ ಮಂಡಿಯೂರಿ ಒಂದೊಂದಾಗಿ ಆಯತೊಡಗಿದಳು. ಕಪಾಟಿನಡಿ ಉರುಳಿದ್ದು ಕೈಗೆಟುಕದೆ ತಡಕಾಡಿದಳು. ಬಂಡೆಯಕ್ಕ ನೋಡುತ್ತ ನಿಂತಳೇ ಹೊರತು ಬಗ್ಗಲಿಲ್ಲ.

ಮುಂದಿನ ಒಂದು ವಾರ ಆ ಎರಡು ಕೋಣೆಗಳಲ್ಲಿ ಮಾತಿರಲಿಲ್ಲ. ಅಮ್ಮ ತಟ್ಟೆಗೆ ಬಡಿಸಿ ಮುಚ್ಚಿಡುವಳು, ಇವಳು ಉಂಡು ತೊಳೆದಿಡುವಳು. ಅಭ್ಯಾಸಬಲದಿಂದ ಅಮ್ಮ ಒಮ್ಮೆ ಒಳಗಿನಿಂದ "ಅಚಲಾ" ಎಂದು ಕೂಗಿದಳು. ಬಂಡೆಯಕ್ಕ "ಹಾಂ" ಎನ್ನಲು ಹೊರಟ ಬಾಯನ್ನು ಕಚ್ಚಿ ಹಿಡಿದಳು. "ಯಾರನ್ನ ಕರೀತಿದೀಯ?" ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಮ್ಮ ಮತ್ತೆ ಕೂಗಲೂ ಇಲ್ಲ.

ವಿಭಾಗದಲ್ಲೂ ಅವಳ ಕೈ ಒರಟಾಯಿತು. ಕತ್ತರಿಗಳನ್ನು ಇಡುವ ಬದಲು ಎಸೆಯುತ್ತಿದ್ದಳು. ನಾಲ್ಕನೇ ದಿನ ಗಿಳಿ, ತೊಳೆಯುವ ತೊಟ್ಟಿ ಬಿಟ್ಟು ಬಂದು, ಒದ್ದೆ ಕೈಯಲ್ಲೇ ಅವಳ ರಟ್ಟೆ ಹಿಡಿದು ಕೂರಿಸಿ ವಿಷಯ ಬಿಡಿಸಿದಳು. ಕೇಳಿ ಮುಗಿಸಿದ ಮೇಲೂ ಅವಳ ಬಾಯಿ ಸುಮ್ಮನಿರಲಿಲ್ಲ.

"ಹಾಗಾದ್ರೆ ಒಂದೂವರೆ ವರ್ಷ ಚಿಕ್ಕವಳಾದೆ ಅನ್ನು! ನನಗೂ ಯಾರಾದ್ರೂ ಹಿಂಗೆ ಹೇಳ್ಬಾರ್ದಾ?" ಬಂಡೆಯಕ್ಕ ನಗಲಿಲ್ಲ. ಗಿಳಿ ದನಿ ತಗ್ಗಿಸಿದಳು. "ಹೊಸ ಹೆಸರು ಇಟ್ಕೋ. ಈ ವಯಸ್ಸಲ್ಲಿ ಯಾರಿಗೆ ಸಿಗುತ್ತೆ ಆ ಅವಕಾಶ? ಸಿನಿಮಾದವರ ಹಾಗೆ ಒಳ್ಳೇದೊಂದು ಆರಿಸ್ಕೋ."

"ಹೆಸರು ಬದಲಾಯಿಸೋಕೆ ಮೊದಲು ನನಗೊಂದು ಹೆಸರಿರ್ಬೇಕಲ್ಲ."

ಆದರೂ ಆ ಮಾತು ಅವಳನ್ನು ಬಿಡಲಿಲ್ಲ. ಬಟ್ಟೆ ಸುತ್ತುತ್ತ ಒಂದೊಂದು ಹೆಸರನ್ನು ಮನಸ್ಸಿನಲ್ಲೇ ಹಾಕಿ ನೋಡಿಕೊಂಡಳು. ಒಂದು ತೀರ ಮೆದು, ಇನ್ನೊಂದು ಅವಳಿಗೆ ಆಗದ ಸಿಸ್ಟರದು. ಯಾವುದೂ ಮೈಗೆ ಹತ್ತಲಿಲ್ಲ. ದರ್ಜಿಯ ಅಂಗಡಿಯಲ್ಲಿ ಪರರ ಬ್ಲೌಸು ತೊಟ್ಟು ನೋಡಿದ ಹಾಗಾಯಿತು. ಹತ್ತದಿದ್ದಷ್ಟೂ ಸಿಟ್ಟು ಏರಿತು.

ತಡವಾದ ನೋಂದಣಿಗೆ ಹೆತ್ತವರೇ ಬಂದು ಹೇಳಿಕೆ ಕೊಡಬೇಕು ಎಂದು, ಅವಳು ಮತ್ತೊಮ್ಮೆ ಹೋಗಿ ವಿಚಾರಿಸಿದಾಗ ಗುಮಾಸ್ತ ತಿಳಿಸಿದ್ದ. ವಾರದ ಕೊನೆಗೆ ಬಂಡೆಯಕ್ಕ ಅಮ್ಮನ ಮುಂದೆ ನಿಂತು, "ನಾಳೆ ಹತ್ತಕ್ಕೆ ಹೊರಡ್ಬೇಕು," ಎಂದಳು. ಎಲ್ಲಿಗೆ ಎಂದು ಅಮ್ಮ ಕೇಳಲಿಲ್ಲ. ಮರುದಿನ ಒಂಬತ್ತಕ್ಕೇ ಸಿದ್ಧಳಾಗಿ ಕೂತಿದ್ದಳು.

ನೋಂದಣಾಧಿಕಾರಿ ಹೆಂಗಸು, ಕನ್ನಡಕ ಮೂಗಿನ ತುದಿಗೆ ಜಾರಿದವಳು. ಒಳಕೋಣೆಯಲ್ಲಿ ಎರಡು ಕುರ್ಚಿ ಹಾಕಿಸಿದಳು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮೇಜಿನ ಮೇಲಿನ ಕಾಗದಗಳಿಗೆಲ್ಲ ಗಾಜಿನ ಗುಂಡುಗಳನ್ನು ಹೇರಿಟ್ಟಿದ್ದರು.

"ಹೇಳಿ ಅಜ್ಜಿ. ಮೊದಲನೇ ಮಗು?"

"ಅಚಲಾ." ಅಮ್ಮ ಹುಟ್ಟಿದ ತಾರೀಕು, ವಾರ, ಹೊತ್ತು ಎಲ್ಲವನ್ನೂ ತಡವರಿಸದೆ ಹೇಳಿದಳು. "ಆಮೇಲೆ ಹೋಗ್ಬಿಟ್ಟಳು."

"ಹೋಗ್ಬಿಟ್ಟಳು ಅಂತ ಬರ್ಕೊಳ್ಳೋಕೆ ಬರಲ್ಲ ಅಜ್ಜಿ. ಸ್ಪಷ್ಟವಾಗಿ ಹೇಳ್ಬೇಕು."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅಧಿಕಾರಿ ಕಾದಳು. ಬಂಡೆಯಕ್ಕ ಕಿಟಕಿಯ ಕಡೆ ನೋಡುತ್ತಲೇ ಒರಟಾಗಿ, "ಹೇಳಮ್ಮ," ಎಂದಳು.

"ಸತ್ತಳು," ಎಂದಳು ಅಮ್ಮ. ಅಷ್ಟು ಹೇಳಿ, ಯಾರೋ ಅಂಗಾಲಿಗೆ ಸೂಜಿ ಚುಚ್ಚಿದಂತೆ ಎರಡೂ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

"ಎರಡನೇ ಮಗು ಹುಟ್ಟಿದ ತಾರೀಕು?"

"ತಾರೀಕು ಗೊತ್ತಿಲ್ಲ."

ಬಂಡೆಯಕ್ಕ ಸರಕ್ಕನೆ ತಿರುಗಿದಳು. "ಗೊತ್ತಿಲ್ವಾ? ಅವಳದ್ದು ಗಳಿಗೆ ಸಮೇತ ಗೊತ್ತು, ನನ್ನದು ತಾರೀಕೂ ಗೊತ್ತಿಲ್ವಾ?"

"ತಾರೀಕು ಯಾರು ನೋಡ್ತಿದ್ರು ಆಗ." ಅಮ್ಮನ ದನಿ ಸಣ್ಣದಾಗಿತ್ತು, ಆದರೆ ಅನುಮಾನವಿರಲಿಲ್ಲ. "ಅವಳು ಹೋಗಿ ನೂರ ಅರವತ್ತೆರಡನೇ ದಿನ ಬೆಳಗ್ಗೆ ನೀನು ಹುಟ್ಟಿದ್ದು. ದಿನಾ ಎಣಿಸ್ತಿದ್ದೆ. ನೀನು ಹುಟ್ಟಿದ ಮೇಲೆ ಎಣಿಸೋದು ಬಿಟ್ಟೆ."

ಅಧಿಕಾರಿ ಒಂದು ಚೀಟಿ ಎಳೆದುಕೊಂಡು ಆ ವರ್ಷದ ತಿಂಗಳುಗಳನ್ನು ಬರೆದು, ಮೂವತ್ತು ಮೂವತ್ತೊಂದೆಂದು ಕೂಡಿಸಿ, ಪೆನ್ನಿನ ತುದಿಯಿಂದ ಲೆಕ್ಕ ಹಾಕಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಒಂದು ತಾರೀಕು ಬರೆದು ಚೀಟಿಯನ್ನು ಬಂಡೆಯಕ್ಕನ ಕಡೆ ತಿರುಗಿಸಿದಳು. ವರ್ಷವರ್ಷವೂ ಸುಮ್ಮನೆ ಬಂದು ಹೋಗುತ್ತಿದ್ದ ಒಂದು ದಿನ. ಆ ದಿನ ಅವಳು ಎಷ್ಟು ಸಲ ಕೆಲಸಕ್ಕೆ ಹೋಗಿದ್ದಳೋ, ಎಷ್ಟು ಸಲ ಬಸ್ಸು ತಪ್ಪಿಸಿಕೊಂಡಿದ್ದಳೋ! ತನ್ನ ಹುಟ್ಟುಹಬ್ಬವೂ ಇನ್ನೊಬ್ಬಳ ಸಾವಿನಿಂದ ಎಣಿಸಿ ತೆಗೆದದ್ದು ಎನಿಸಿ ಅವಳು ಚೀಟಿಯನ್ನು ಅಧಿಕಾರಿಯ ಕಡೆಗೇ ತಳ್ಳಿದಳು.

"ಹೆಸರು ಏನು ಅಂತ ಬರೀಲಿ?" ಅಧಿಕಾರಿ ಕೇಳಿದಳು. "ಅದೇ ಇರ್ಬೇಕು ಅಂತೇನಿಲ್ಲ. ಬೇರೆ ಬೇಕಿದ್ರೂ ಹಾಕ್ಬಹುದು. ಆಮೇಲೆ ಉಳಿದ ದಾಖಲೆ ತಿದ್ದಿಸೋ ಓಡಾಟ ನಿಮ್ಮದು."

ಅಮ್ಮ ಮಗಳ ಮುಖ ನೋಡಲಿಲ್ಲ. ಮೇಜಿನಂಚನ್ನು ನೋಡುತ್ತಿದ್ದಳು.

"ಅವಳು ಎಷ್ಟು ದಿನ ಇದ್ದಳು?" ಬಂಡೆಯಕ್ಕ ಕೇಳಿದಳು.

"ಹದಿನಾಲ್ಕು ತಿಂಗಳು."

"ಹೆಸರಿಟ್ಟಿದ್ದೇ ಐದನೇ ತಿಂಗಳಿಗೆ. ಅಂದ್ರೆ ಒಂಬತ್ತು ತಿಂಗಳು ಇಟ್ಕೊಂಡಿದ್ದಳು ಆ ಹೆಸರನ್ನ." ಬಂಡೆಯಕ್ಕನ ದನಿ ಏರಿತು, ಹೊರಗಿನ ಕಿಟಕಿಯವರೂ ತಿರುಗಿ ನೋಡಿದರು. "ನಾನು ಐವತ್ತಾರು ವರ್ಷ ಹೊತ್ತಿದೀನಿ. ಆ ಹೆಸರಲ್ಲಿ ಏಟು ತಿಂದಿದೀನಿ, ನಪಾಸಾಗಿದೀನಿ, ದುಡಿದಿದೀನಿ. ಸೂರು ಅವಳ ಮೇಲೆ ಬಿದ್ದಿರ್ಬಹುದು. ಅಲ್ಲಾಡದೆ ನಿಂತಿದ್ದು ನಾನು. ಬರೀರಿ, ಅಚಲಾ. ಯಾರೂ ಕೊಟ್ಟಿದ್ದಲ್ಲ. ನಾನು ತಗೊಂಡಿದ್ದು ಅಂತ ಬರೀರಿ."

"ಹಾಗೆ ಬರೆಯೋ ಜಾಗ ಇಲ್ಲಮ್ಮ," ಎಂದಳು ಅಧಿಕಾರಿ ಮೆತ್ತಗೆ, ಮತ್ತು ಹೆಸರು ಬರೆದಳು.

ಸಹಿ ಹಾಕುವ ಮುನ್ನ ಹಳೆಯ ನಮೂದನ್ನು ಮೂಲದೊಂದಿಗೆ ತಾಳೆ ನೋಡಬೇಕಿತ್ತು. ದಾಖಲೆ ಕೋಣೆಯ ಹೆಂಗಸು ತೋಳಿನಗಲದ ಒಂದು ರಿಜಿಸ್ಟರು ತಂದು ಮೇಜಿನ ಮೇಲಿಟ್ಟು, ಧೂಳು ಹೊಡೆದು, ಪುಟ ತೆರೆದಳು. ಅಧಿಕಾರಿ ಸಾಲಿನ ಮೇಲೆ ಅಡ್ಡಪಟ್ಟಿ ಇಟ್ಟು ನೋಡಿ, ಗುರುತು ಹಾಕಿಕೊಂಡು, ಸಹಿ ಹಾಕಿದಳು. ಪುಸ್ತಕ ಮುಚ್ಚಲು ಕೈ ಹಾಕಿದಾಗ ಅಮ್ಮ ಎದ್ದು ನಿಂತಿದ್ದಳು.

"ಅವಳ ಹೆಸರು ಇದರಲ್ಲಿದೆಯಾ?"

"ಇದೆ ಅಜ್ಜಿ. ನೋಡಿ, ಇಲ್ಲಿ."

ಅಮ್ಮ ಮೇಜಿನ ಮೇಲೆ ಬಾಗಿದಳು. ಮಾಸಿದ ನೀಲಿ ಶಾಯಿಯ ಅಕ್ಷರ, ಪಕ್ಕದಲ್ಲಿ ಅಪ್ಪನ ವಕ್ರ ಸಹಿ. ಅವಳ ಬೆರಳು ಹೆಸರಿನ ಮೊದಲಿನಿಂದ ಕೊನೆಗೆ ಹೋಯಿತು, ಮತ್ತೆ ಮೊದಲಿಗೆ ಬಂತು. ಓದಲು ಹೆಚ್ಚು ಹೊತ್ತು ಬೇಕಿರಲಿಲ್ಲ, ಮೂರೇ ಅಕ್ಷರ. ಆದರೂ ಅವಳು ಓದುತ್ತಲೇ ಇದ್ದಳು. ಅಧಿಕಾರಿ ಕನ್ನಡಕ ತೆಗೆದು ಒರೆಸತೊಡಗಿದಳು.

ಬಂಡೆಯಕ್ಕ ಚೀಲ ಹೆಗಲಿಗೇರಿಸಿ ಹೊರಡಲು ನಿಂತಿದ್ದಳು. ಅವಳ ದವಡೆ ಇನ್ನೂ ಬಿಗಿದೇ ಇತ್ತು. ಫ್ಯಾನಿನ ಗಾಳಿಗೆ ಆ ಹಳೆಯ ಪುಟ ಎದ್ದೆದ್ದು ಅಮ್ಮನ ಬೆರಳಿನ ಮೇಲೆ ಮಗುಚಿಕೊಳ್ಳುತ್ತಿತ್ತು. ಅಮ್ಮ ಪ್ರತಿ ಸಲವೂ ಅದನ್ನು ಸರಿಸಿ, ಕಳೆದುಹೋದ ಸಾಲನ್ನು ಮತ್ತೆ ಹುಡುಕುತ್ತಿದ್ದಳು. ಮೂರು ಸಲ ಹಾಗಾಯಿತು. ನಾಲ್ಕನೇ ಸಲ ಬಂಡೆಯಕ್ಕ ಒಂದು ಹೆಜ್ಜೆ ಮುಂದೆ ಬಂದು, ಪುಟದ ಮೂಲೆಯ ಮೇಲೆ ತನ್ನ ಅಂಗೈ ಊರಿ ಹಿಡಿದಳು.